ಕಾಯಿಹಾಲಿಗೆ ಬೇಕಾದ ಸಲಕರಣೆ: ಒಂದು ಹಿನ್ನೋಟ

ಹಬ್ಬ ಹತ್ತಿರ ಬಂದಿದೆಯೆನ್ನಿ. ಮಗಳು ಅಳಿಯ ಊರಿಗೆ ಬರುವವರಿದ್ದಾರೆ. ಬೆಳಗಿನ ಫಲಾಹಾರಕ್ಕೆ ಒತ್ತುಶ್ಯಾವಿಗೆ, ಅದರ ಜೊತೆಗೆ ಬೆಲ್ಲ ಏಲಕ್ಕಿ ಬೆರೆಸಿದ ಕಾಯಿಹಾಲು ಆಗಬೇಕೆಂದು ಮನೆಯಲ್ಲಿ ನಿಶ್ಚಯವಾಗಿದೆ. ತೆಂಗಿನಕಾಯಿ ಬಂತು, ಬೆಲ್ಲ ಬಂತು. ಆದರೆ ಕಾಯಿಯನ್ನು ತುರಿಯುವವರು ಯಾರು, ಅರೆಯುವುದು ಯಾವುದರಲ್ಲಿ, ಹಿಂಡುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಮನೆಮಂದಿಯೆಲ್ಲ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಈ ಅನುಭವ ವಾಚಕರಲ್ಲಿ ಹಲವರಿಗೆ ಆಗಿರಬಹುದು. ನಮ್ಮ ಮನೆಯಲ್ಲಿಯಂತೂ ಆಯಿತು.

ನನ್ನ ತಾಯಿ ಕರಾವಳಿಯವರು. ಅವರು ಮದುವೆಯಾಗಿ ಬರುವಾಗ ಜೊತೆಗೆ ತಂದ ಹೆರೆಮಣೆ ನಮ್ಮ ಮನೆಯಲ್ಲಿ ಇಂದಿಗೂ ಇದೆ. ಹಲಸಿನ ಮರದ ಮಣೆ, ಅದರ ತುದಿಯಲ್ಲಿ ಹಾವು ಹೆಡೆಯೆತ್ತಿದಂತೆ ಬಾಗಿ ನಿಂತ ಕಬ್ಬಿಣದ ನಾಲಿಗೆ, ನಾಲಿಗೆಯ ಸುತ್ತ ಸಣ್ಣ ಹಲ್ಲುಗಳು. ಕಳೆದ ವರ್ಷ ಹಬ್ಬದ ಹಿಂದಿನ ದಿನ ಅವರು ಅದರ ಮೇಲೆ ಕುಳಿತು ಅರ್ಧ ಹೋಳು ತುರಿದವರು ಕೈಬಿಟ್ಟು, "ಮಗಾ, ಈ ಕೈ ಇನ್ನು ತಿರುಗುವುದಿಲ್ಲ" ಎಂದರು. ನನ್ನ ಹೆಂಡತಿಗೆ ಮಂಡಿನೋವು, ನೆಲದ ಮೇಲೆ ಕೂರಲಾಗದು. ಹೊಸದೊಂದು ಸಲಕರಣೆ ತರೋಣವೆಂದು ನಾನು ಪಾತ್ರೆ ಅಂಗಡಿಗೆ ಹೋದೆ. ಅಂಗಡಿಯವನು ನಾಲ್ಕಾರು ಬಗೆಯ ತುರಿಯುವ ಯಂತ್ರಗಳನ್ನು ಮುಂದಿಟ್ಟು, "ಎಷ್ಟು ಕಾಯಿಗೆ ಬೇಕು ಮೇಷ್ಟ್ರೇ? ತುರಿಯುವವರು ಯಾರು?" ಎಂದು ಕೇಳಿದ. ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಿದೆ. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದೆ.

ಕನ್ನಡ ಪಂಡಿತನಾದವನಿಗೆ ಉತ್ತರ ತೋರದಿದ್ದಾಗ ಪುಸ್ತಕದ ಕಡೆಗೆ ಕೈ ಹೋಗುವುದು ರೂಢಿ. ಹಾಗೆ ನೋಡುತ್ತ ಹೋದಾಗ ಈ ಸಣ್ಣ ಸಲಕರಣೆಯ ಹಿಂದೆ ದೊಡ್ಡದೊಂದು ಚರಿತ್ರೆಯಿರುವುದೂ, ಅಂಗಡಿಯವನ ಎರಡನೆಯ ಪ್ರಶ್ನೆಗೆ ಆ ಚರಿತ್ರೆಯಲ್ಲಿಯೇ ಉತ್ತರವಿರುವುದೂ ತಿಳಿದುಬಂತು. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಕಾಯಿಹಾಲೆಂದರೇನು ಎಂಬುದನ್ನು ನೋಡೋಣ. ಇದು ಎಳನೀರಲ್ಲ, ಕಾಯೊಡೆದಾಗ ಸುರಿಯುವ ನೀರೂ ಅಲ್ಲ. ಬಲಿತ ಕಾಯಿಯ ಬಿಳಿಯ ತಿರುಳಿನೊಳಗೆ ಅಡಗಿರುವ ಕೊಬ್ಬೂ ನೀರೂ ಒಂದರೊಳಗೊಂದು ಬೆರೆತು ಹೊರಬಂದ ದ್ರವವೇ ಕಾಯಿಹಾಲು. ಹಸಿ ತಿರುಳಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಕೊಬ್ಬಿರುತ್ತದೆ. ಈ ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳೊಳಗೆ ಸೆರೆಯಾಗಿದೆ. ಕೋಶದ ಗೋಡೆ ಒಡೆಯದೆ ಹಾಲು ಬಾರದು. ಆದದ್ದರಿಂದ ಕಾಯಿಹಾಲು ತೆಗೆಯುವುದರಲ್ಲಿ ಮೂರು ಕೆಲಸಗಳಿವೆ. ತಿರುಳನ್ನು ಚಿಪ್ಪಿನಿಂದ ಬಿಡಿಸಿ ಸಣ್ಣದು ಮಾಡುವುದು ಒಂದು. ಅದನ್ನು ಜಜ್ಜಿ ಕೋಶಗಳನ್ನು ಒಡೆಯುವುದು ಇನ್ನೊಂದು. ಒಡೆದದ್ದನ್ನು ಹಿಂಡಿ ಹಾಲನ್ನು ಬೇರ್ಪಡಿಸುವುದು ಮೂರನೆಯದು. ತುರಿಯುವುದು, ಅರೆಯುವುದು, ಹಿಂಡುವುದು: ಈ ಮೂರನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ಸುಲಭವಾಗುತ್ತದೆ.

ತೆಂಗು ನಮಗೆ ಬಹು ಹಳೆಯ ನಂಟು. ತೆಂಕಣ ದಿಕ್ಕಿನ ಕಾಯಿಯಾದ್ದರಿಂದ ತೆಂಗಿನಕಾಯಿ ಎಂದು ಹೆಸರಾಯಿತೆಂದು ಹೇಳುವವರುಂಟು. ಸಂಸ್ಕೃತದಲ್ಲಿ ಅದು ನಾರಿಕೇಲ, ನಾಳಿಕೇರ. ನಾಸಿಕದ ಗುಹೆಯಲ್ಲಿ ಕ್ರಿ. ಶ. ಎರಡನೆಯ ಶತಮಾನದ, ಕ್ಷಹರಾತ ವಂಶದ ಅರಸನ ಅಳಿಯನಾದ ಉಷವದಾತನ ಶಾಸನವೊಂದಿದೆ. ಅದರಲ್ಲಿ ೮,೦೦೦ ತೆಂಗಿನ ಮರಗಳನ್ನು ದಾನ ಕೊಟ್ಟ ಸಂಗತಿ ಬಂದಿದೆ. ಶಾಸನದ ಪ್ರಾಕೃತದಲ್ಲಿ ತೆಂಗಿಗೆ 'ನಾಳಿಗೇರ' ಎಂಬ ರೂಪವಿದೆ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ವರ್ತಕ ಕಾಸ್ಮಸನು ಇದೇ ಕಾಯನ್ನು 'ಅರ್ಗೆಲ್ಲಿಯ' ಎಂದು ಬರೆದಿಟ್ಟ. ಅರಬರು ಅದನ್ನು 'ನಾರ್ಜೀಲ್' ಎಂದು ಕರೆದರು. ಕಾಯಿಯೊಡನೆ ಅದರ ಹೆಸರೂ ಹಡಗು ಹತ್ತಿ ಹೋಯಿತೆಂಬುದಕ್ಕೆ ಇಷ್ಟು ಸಾಕು. ಸಸ್ಯವಿಜ್ಞಾನಿಗಳು ನಾನಾ ದೇಶಗಳ ತೆಂಗಿನ ತಳಿಗಳನ್ನು ಪರೀಕ್ಷಿಸಿ ೨೦೧೧ರಲ್ಲಿ ಪ್ರಕಟಿಸಿದ ಅಭ್ಯಾಸವೊಂದು, ಮನುಷ್ಯನು ತೆಂಗನ್ನು ಎರಡು ಕಡೆ ಬೇರೆಬೇರೆಯಾಗಿ ಸಾಕಿ ಬೆಳೆಸಿದನೆಂದು ತೋರಿಸಿದೆ. ಒಂದು ಪೆಸಿಫಿಕ್ ಸಾಗರದ ಕಡೆ, ಇನ್ನೊಂದು ಭಾರತದ ದಕ್ಷಿಣದ ಅಂಚು, ಸಿಂಹಳ, ಮಾಲ್ಡೀವ್, ಲಕ್ಷದ್ವೀಪಗಳ ಕಡೆ.

ಇಷ್ಟೆಲ್ಲ ಶಾಸನಗಳೂ ಪ್ರವಾಸಿಗಳೂ ಮರವನ್ನು ಹೇಳಿದರು, ಕಾಯನ್ನು ಹೇಳಿದರು, ದಾನ ಕೊಟ್ಟವನ ಹೆಸರನ್ನು ಹೇಳಿದರು. ತುರಿದವರ ವಿಷಯವನ್ನು ಮಾತ್ರ ಹೇಳಿದವರು ಅಪೂರ್ವ. ಅಂತಹ ಅಪೂರ್ವರಲ್ಲಿ ಒಬ್ಬ ಮೊರಾಕೊ ದೇಶದ ಇಬ್ನ್ ಬತೂತ.

ಈ ಪ್ರವಾಸಿ ೧೩೩೦ರ ಸುಮಾರಿಗೆ ಅರೇಬಿಯದ ದಕ್ಷಿಣ ತೀರದ, ಇಂದಿನ ಒಮಾನಿಗೆ ಸೇರಿದ ಜಫಾರ್ ಪಟ್ಟಣಕ್ಕೆ ಬಂದ. ಅಲ್ಲಿ ತೆಂಗಿನ ಮರಗಳಿದ್ದವು. ಕಾಯಿ ಮನುಷ್ಯನ ತಲೆಯಂತಿದೆ, ಕಣ್ಣಿನಂತೆಯೂ ಬಾಯಿಯಂತೆಯೂ ತೋರುವ ಗುರುತುಗಳಿವೆ, ನಾರು ಕೂದಲಿನಂತಿದೆ ಎಂದು ಅವನು ಬೆರಗುಪಟ್ಟ. ಬಳಿಕ ಹಾಲು ತೆಗೆಯುವ ಬಗೆಯನ್ನೂ ವಿವರಿಸಿದ. ಮನೆಯಲ್ಲಿ ಪೀಠದಂತಹ ಒಂದು ಆಸನ, ಅದರ ಮೇಲೆ ಕುಳಿತು ಕೆಲಸ ಮಾಡುವವರು, ಮುಂಚಾಚಿದ ಕಬ್ಬಿಣದ ಮೊನೆ, ಕಾಯಿಯೊಳಗಿನ ತಿರುಳೆಲ್ಲ ಪುಡಿಯಾಗಿ ಕೆಳಗಿನ ತಟ್ಟೆಗೆ ಬೀಳುವುದು, ಆ ಪುಡಿಯನ್ನು ನೀರಿನಲ್ಲಿ ನೆನೆಸಿದರೆ ಬಣ್ಣದಲ್ಲಿಯೂ ರುಚಿಯಲ್ಲಿಯೂ ಹಾಲಿನಂತಾಗುವುದು, ಇವೆಲ್ಲವೂ ಅವನ ಬರವಣಿಗೆಯಲ್ಲಿವೆ. ಅವನ ಪ್ರವಾಸಕಥನ ಮುಗಿದದ್ದು ೧೩೫೫ರಲ್ಲಿ. ಎಂದರೆ ನನ್ನ ತಾಯಿಯ ಹೆರೆಮಣೆಯ ನೆಂಟನೊಬ್ಬನನ್ನು ಸುಮಾರು ಏಳು ನೂರು ವರ್ಷಗಳ ಹಿಂದೆ ಒಬ್ಬ ದಾರಿಹೋಕ ಕಣ್ಣಾರೆ ಕಂಡಿದ್ದಾನೆ.

ಇದೇ ಇಬ್ನ್ ಬತೂತ ೧೩೪೦ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹುಡುಗಿಯರಿಗೆ ೧೩ ಶಾಲೆಗಳೂ ಹುಡುಗರಿಗೆ ೨೩ ಶಾಲೆಗಳೂ ಇದ್ದುದನ್ನು ಅವನು ಎಣಿಸಿ ಬರೆದಿದ್ದಾನೆ. ಶಾಲಾ ಮೇಷ್ಟರಾದ ನಮಗೆ ಇದು ಹೆಮ್ಮೆಯ ಮಾತು. ಅಲ್ಲಿಯ ಅರಸನ ಪಂಕ್ತಿಯಲ್ಲಿ ಅನ್ನ, ತುಪ್ಪ, ಮೆಣಸು ಶುಂಠಿ ನಿಂಬೆ ಮಾವುಗಳ ಉಪ್ಪಿನಕಾಯಿ, ಕೊನೆಗೆ ಮಜ್ಜಿಗೆ ಉಂಡದ್ದನ್ನೂ ಮರೆಯದೆ ಹೇಳಿದ್ದಾನೆ. ಅಡುಗೆಮನೆಯ ಕಡೆಗೆ ಕಣ್ಣು ಹಾಯಿಸುವ ಪ್ರವಾಸಿಗಳು ಕಡಮೆ. ಹಾಯಿಸಿದವರಿಂದ ಚರಿತ್ರೆಗೆ ಆಗುವ ಲಾಭ ದೊಡ್ಡದು.

ಇನ್ನು ಈ ಆಸನದ ಬಂಧುಬಳಗವನ್ನು ನೋಡಿ. ನಾವು ಕರಾವಳಿಯಲ್ಲಿ ಹೆರೆಮಣೆ ಎನ್ನುತ್ತೇವೆ. ನನ್ನ ಹೆಂಡತಿ ತುಮಕೂರಿನ ಕಡೆಯವಳು, ಅವಳಿಗೆ ಅದು ತುರಿಯೋಮಣೆ. ಹೆರೆ ಎಂದರೂ ತುರಿ ಎಂದರೂ ಕೆರೆದು ತೆಗೆಯುವುದೇ. ಕೆಲವು ಮನೆಗಳಲ್ಲಿ ತರಕಾರಿ ಹೆಚ್ಚುವ ಈಳಿಗೆಮಣೆಯ ತುದಿಯಲ್ಲಿಯೇ ಈ ಹಲ್ಲಿನ ಬಿಲ್ಲೆಯಿರುತ್ತದೆ. ಮಲೆಯಾಳದಲ್ಲಿ ಇದಕ್ಕೆ ಚಿರವ ಎನ್ನುತ್ತಾರೆ. ಸಿಂಹಳದವರು ಹಿರಮನೆ ಎನ್ನುವರು, ಕೇಳಿದರೆ ನಮ್ಮ ಹೆರೆಮಣೆಯ ನೆನಪಾಗದಿರದು. ಮಾಲ್ಡೀವಿನವರ ಮಾತಿನಲ್ಲಿ ಅದು ಹುಣಿಗೊಂಡಿ. ಆಫ್ರಿಕದ ಪೂರ್ವತೀರದ ಸ್ವಾಹಿಲಿ ಜನ ಅದನ್ನು 'ಎಂಬುಜಿ' ಎನ್ನುತ್ತಾರೆ, ಆ ಮಾತಿಗೆ ಮೇಕೆ ಎಂದರ್ಥ. ಸಯಾಮಿನವರು 'ಕ್ರತಾಯ್' ಎನ್ನುತ್ತಾರೆ, ಎಂದರೆ ಮೊಲ. ಅಲ್ಲಿ ಮಣೆಯನ್ನು ಮೊಲದ ಆಕಾರದಲ್ಲಿಯೇ ಕೆತ್ತುವುದೂ ಉಂಟು. ಪೆಸಿಫಿಕ್ ದ್ವೀಪಗಳಲ್ಲಿ ಕಬ್ಬಿಣ ಬರುವುದಕ್ಕೆ ಮುಂಚೆ ಕಪ್ಪೆಚಿಪ್ಪನ್ನೇ ನಾಲಿಗೆಯಾಗಿ ಕಟ್ಟುತ್ತಿದ್ದರು. ಸಾಗರದ ಈ ದಡದಿಂದ ಆ ದಡದವರೆಗೆ ಹೆಸರು ಬೇರೆ, ಮರ ಬೇರೆ, ಆದರೆ ಕೂರುವ ರೀತಿ ಒಂದೇ.

ಹೀಗೇಕೆ? ಕಾಯಿಯ ಹೋಳು ಗುಂಡಾಗಿದೆ, ಜಾರುತ್ತದೆ. ಅದನ್ನು ಹಿಡಿಯಲು ಎರಡು ಕೈ ಬೇಕು. ಎರಡು ಕೈಯೂ ಕಾಯಿಗೆ ಹೋದಮೇಲೆ ತುರಿಯುವ ಅಲಗನ್ನು ಹಿಡಿಯುವವರು ಯಾರು? ಅದಕ್ಕೆ ಅಲಗನ್ನು ಮಣೆಗೆ ನೆಟ್ಟರು, ಮಣೆಯ ಮೇಲೆ ತಾವೇ ಕುಳಿತರು. ದೇಹದ ಭಾರವೇ ಮಣೆಯನ್ನು ಅಲುಗದಂತೆ ಹಿಡಿಯಿತು. ಅಲಗು ನಿಂತಲ್ಲಿ ನಿಂತಿತು, ಕಾಯಿ ಸುತ್ತ ತಿರುಗಿತು. ಸವಾರಿ ಮಾಡುವಂತೆ ಕೂರುವುದರಿಂದಲೇ ಒಬ್ಬರಿಗೆ ಅದು ಮೇಕೆಯಾಗಿ, ಇನ್ನೊಬ್ಬರಿಗೆ ಮೊಲವಾಗಿ ಕಂಡಿರಬೇಕು. ಯಂತ್ರಶಾಸ್ತ್ರ ಓದದವರ ಕೈಯಿಂದ ಹುಟ್ಟಿದ ಈ ಉಪಾಯವನ್ನು ಮೆಚ್ಚಲೇಬೇಕು. ಆದರೆ ಅದರ ಬೆಲೆಯನ್ನೂ ಮರೆಯಬಾರದು. ಭಾರವನ್ನು ಹೊತ್ತದ್ದು ಮಣೆ, ನೋವನ್ನು ಹೊತ್ತದ್ದು ಕುಳಿತವಳ ಮಂಡಿ, ಸೊಂಟ, ಮಣಿಕಟ್ಟು.

ಎರಡನೆಯ ಕೆಲಸವಾದ ಅರೆಯುವುದಕ್ಕೆ ಬರೋಣ. ಕಲ್ಲಿನ ಚರಿತ್ರೆ ತುರಿಮಣೆಯ ಚರಿತ್ರೆಗಿಂತಲೂ ಹಿಂದಕ್ಕೆ ಹೋಗುತ್ತದೆ. ಬಳ್ಳಾರಿಯ ಹತ್ತಿರದ ಸಂಗನಕಲ್ಲು, ರಾಯಚೂರು ಸೀಮೆಯ ಮಸ್ಕಿ, ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ ಮೊದಲಾದ ಕಡೆಗಳಲ್ಲಿ ನೂತನ ಶಿಲಾಯುಗದ ಜನವಸತಿಗಳು ಬೆಳಕಿಗೆ ಬಂದಿವೆ. ಬ್ರಹ್ಮಗಿರಿಯನ್ನು ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು. ಆ ಕಾಲದ ಜನ ಬಳಸಿದ ಅರೆಯುವ ಕಲ್ಲುಗಳು ಈ ಸೀಮೆಯಲ್ಲಿ ದೊರೆತಿವೆ. ಅವರು ಅರೆದದ್ದು ತೆಂಗಿನಕಾಯನ್ನಲ್ಲ, ಸಣ್ಣ ಧಾನ್ಯಗಳನ್ನೂ ಕಾಳುಗಳನ್ನೂ. ಹೇಗೂ ಇರಲಿ, ಅರೆಯುವ ಕಲ್ಲು ನಮ್ಮ ನಾಡಿನ ಮನೆಗಳಲ್ಲಿ ಸಾವಿರಾರು ವರ್ಷಗಳಿಂದ ಇದ್ದದ್ದು. ಮುಂದೆ ಮಸಾಲೆಗೂ ಹಿಟ್ಟಿಗೂ ಒರಳುಕಲ್ಲು ಮನೆಯಲ್ಲಿ ಇದ್ದೇ ಇತ್ತಾದ್ದರಿಂದ ಕಾಯಿತುರಿಯನ್ನೂ ಅದರಲ್ಲಿಯೇ ಹಾಕಿ ರುಬ್ಬುವುದು ನಮ್ಮಲ್ಲಿ ವಾಡಿಕೆಯಾಯಿತು. ಕಲ್ಲಿನ ಗುಂಡು ತಿರುಳನ್ನು ಕತ್ತರಿಸುವುದಿಲ್ಲ, ನುರಿಯುತ್ತದೆ. ಆದದ್ದರಿಂದ ಕೋಶಗಳು ಚೆನ್ನಾಗಿ ಒಡೆದು ಹಾಲು ಹೆಚ್ಚು ಬರುತ್ತದೆ. ಒರಳಿನ ಅನುಕೂಲವಿಲ್ಲದ ಕಡೆ, ಅಥವಾ ಬೇಕಿಲ್ಲವೆನ್ನುವ ಕಡೆ, ನಯವಾಗಿ ತುರಿದದ್ದಕ್ಕೆ ಬೆಚ್ಚಗಿನ ನೀರು ಹಾಕಿ ಕೈಯಿಂದ ಚೆನ್ನಾಗಿ ಕಿವುಚಿ ಹಾಲು ತೆಗೆಯುವ ಪದ್ಧತಿಯೂ ಇದೆ.

ಮೂರನೆಯದು ಹಿಂಡುವುದು. ಇಲ್ಲಿ ಸಲಕರಣೆಯೆಂದರೆ ಒಂದು ತುಂಡು ಬಟ್ಟೆ, ಎರಡು ಕೈ. ಸ್ವಾಹಿಲಿ ಜನ ಓಲೆಯಿಂದ ಹೆಣೆದ ಉದ್ದ ಚೀಲವೊಂದನ್ನು ಬಳಸುತ್ತಿದ್ದರು, ಅದಕ್ಕೆ ಕಿಫುಂಬು ಎಂದು ಹೆಸರು. ಎಲ್ಲೆಲ್ಲಿಯೂ ಮೊದಲ ಸಲ ಹಿಂಡಿದ ಗಟ್ಟಿಹಾಲನ್ನು ಬೇರೆಯಾಗಿಟ್ಟು, ಚರಟಕ್ಕೆ ಮತ್ತೆ ನೀರು ಹಾಕಿ ಹಿಂಡಿದ ತೆಳುಹಾಲನ್ನು ಬೇರೆಯಾಗಿಡುವುದು ಕ್ರಮ. ಮಲೆಯಾಳದಲ್ಲಿ ಇವುಗಳಿಗೆ ಒಂದನೆಯ ಹಾಲು, ಎರಡನೆಯ ಹಾಲು ಎಂದೇ ಹೆಸರು. ಬೇಯಿಸುವುದಕ್ಕೆ ತೆಳುಹಾಲು, ಇಳಿಸುವ ಹೊತ್ತಿಗೆ ಗಟ್ಟಿಹಾಲು. ಇದಕ್ಕೆ ಕಾರಣವುಂಟು. ಕೊಬ್ಬನ್ನೂ ನೀರನ್ನೂ ಕೂಡಿಸಿ ಹಿಡಿದಿರುವುದು ಕಾಯಿಯಲ್ಲಿಯೇ ಇರುವ ಪ್ರೋಟೀನು. ಹಾಲು ಕುದಿಬಂದರೆ ಆ ಪ್ರೋಟೀನು ಗಟ್ಟಿಕಟ್ಟಿ, ಹಿಡಿತ ತಪ್ಪಿ, ಹಾಲು ಒಡೆಯುತ್ತದೆ. ನಮ್ಮ ಅಜ್ಜಿಯರಿಗೆ ಪ್ರೋಟೀನು ಎಂಬ ಮಾತು ಗೊತ್ತಿರಲಿಲ್ಲ. ಪಾಯಸ ಒಡೆಯದಂತೆ ಇಳಿಸುವುದು ಗೊತ್ತಿತ್ತು.

ಈಗ ವಿದ್ಯುಚ್ಛಕ್ತಿಯ ಕಾಲಕ್ಕೆ ಬರೋಣ. ಶಿವನಸಮುದ್ರದಲ್ಲಿ ೧೯೦೨ರಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಗಣಿಗೆ ಬಂತು, ಬೀದಿಗೆ ಬಂತು, ಬಳಿಕ ಕಾರ್ಖಾನೆಗೂ ಕಚೇರಿಗೂ ಬಂತು. ನಿಮ್ಮ ಮನೆಯ ರೇಡಿಯೋ ಪೆಟ್ಟಿಗೆಗೂ ಬಂತು. ಅಡುಗೆಮನೆಯ ಒರಳುಗುಂಡು ಮಾತ್ರ ಇನ್ನೂ ಅರ್ಧ ಶತಮಾನ ಕೈಯಿಂದಲೇ ತಿರುಗುತ್ತಿತ್ತು. ರೇಡಿಯೋದಲ್ಲಿ ಸಂಗೀತ ಕೇಳುತ್ತ ಒರಳು ತಿರುಗಿಸಿದ ಗೃಹಿಣಿಯರು ಲಕ್ಷಾಂತರ. ಒಂದೇ ಮನೆಯಲ್ಲಿ ಒಂದೇ ಗೋಡೆಯ ಆಚೆ ಈಚೆ ಎರಡು ಯುಗಗಳಿದ್ದವು ಎಂದರೆ ತಪ್ಪಾಗಲಾರದು.

ಒರಳಿಗೆ ವಿದ್ಯುತ್ತನ್ನು ಜೋಡಿಸಿದ ಕೀರ್ತಿ ಕೊಯಮತ್ತೂರಿನದು. ಅಲ್ಲಿಯ ಪಿ. ಸಭಾಪತಿ ಎಂಬವರು ೧೯೫೫ರಲ್ಲಿ ಹಿಟ್ಟು ರುಬ್ಬುವ ಯಂತ್ರವನ್ನು, ಎಂದರೆ ನಾವು ಗ್ರೈಂಡರ್ ಎನ್ನುವುದನ್ನು, ಹೊರತಂದರು. ನೆರೆಹೊರೆಯಲ್ಲಿ ಒಳ್ಳೆಯ ಕಲ್ಲು ಸಿಗುತ್ತಿದ್ದದ್ದೂ ಊರಿನಲ್ಲಿ ಯಂತ್ರದ ಕಸುಬು ಬಲ್ಲವರಿದ್ದದ್ದೂ ಈ ಉದ್ಯಮಕ್ಕೆ ನೆರವಾದವು. ಮುಂದೆ ಕೊಯಮತ್ತೂರಿನ ಗ್ರೈಂಡರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು.

ಮಿಕ್ಸಿಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಹೊರದೇಶದ ಮಿಕ್ಸರುಗಳು ನಮ್ಮಲ್ಲಿಗೆ ಬಂದಾಗ ಅವು ಹಣ್ಣಿನ ರಸ, ಮೊಟ್ಟೆ, ಮೆತ್ತಗಿನ ಹಿಟ್ಟುಗಳಿಗಾಗಿ ಮಾಡಿದವಾಗಿದ್ದವು. ಕೊಬ್ಬರಿ, ಒಣಮೆಣಸಿನಕಾಯಿ, ನೆನೆದ ಅಕ್ಕಿ ಬೇಳೆಗಳ ಮುಂದೆ ಅವುಗಳ ಮೋಟಾರು ನಿಲ್ಲುತ್ತಿರಲಿಲ್ಲ. ಬೊಂಬಾಯಿಯಲ್ಲಿ ಎಂಜಿನಿಯರಾಗಿದ್ದ ಎಸ್. ಪಿ. ಮಾಥುರ್ ಎಂಬವರ ಮನೆಯಲ್ಲಿಯೂ ಹೀಗೆಯೇ ಆಯಿತು. ಅವರ ಪತ್ನಿ ಮಾಧುರಿಯವರ ಮಿಕ್ಸರು ಕೆಟ್ಟುನಿಂತದ್ದೇ ನೆಪವಾಗಿ, ನಮ್ಮ ಅಡುಗೆಗೆ ತಡೆಯುವ ಯಂತ್ರವನ್ನು ತಾವೇ ಮಾಡಬೇಕೆಂದು ಮಾಥುರರು ಹೊರಟರು. ೧೯೬೩ರ ಸುಮಾರಿಗೆ ಆರಂಭವಾದ ಆ ಪ್ರಯತ್ನದ ಫಲವೇ ಸುಮೀತ್ ಮಿಕ್ಸಿ. ಸುಮೀತ್ ಎಂದರೆ ಒಳ್ಳೆಯ ಗೆಳೆಯ. ೧೯೭೦ರ ದಶಕದ ಹೊತ್ತಿಗೆ ಆ ಹೆಸರು ದೇಶದ ಬಹುಮಂದಿ ಗೃಹಿಣಿಯರ ಬಾಯಲ್ಲಿತ್ತು. ತುರಿಮಣೆಯ ಚರಿತ್ರೆಯಲ್ಲಿ ಯಾರ ಹೆಸರೂ ಇಲ್ಲ. ಈ ಚರಿತ್ರೆಯಲ್ಲಾದರೂ, ಯಂತ್ರ ಕೆಟ್ಟಿತೆಂದು ಹೇಳಿದ ಗೃಹಿಣಿಯ ಹೆಸರು ಉಳಿಯಿತಲ್ಲ ಎಂದು ನನಗೆ ಸಮಾಧಾನ.

ಇಷ್ಟು ಚರಿತ್ರೆಯಿಂದ ನಾವು ಕೊಳ್ಳಬೇಕಾದ ಸಲಕರಣೆಯ ವಿಷಯದಲ್ಲಿ ಏನು ತಿಳಿಯುತ್ತದೆ? ಮೂರು ಕೆಲಸಗಳನ್ನೂ ಒಂದೇ ಏಟಿಗೆ ಮುಗಿಸುವ ಸಲಕರಣೆ ಸಾಮಾನ್ಯ ಮನೆಯೊಳಗೆ ಬಂದಿಲ್ಲ. ಮಿಕ್ಸಿ ಅರೆಯುವುದನ್ನು ಪೂರ್ತಿಯಾಗಿ ವಹಿಸಿಕೊಂಡಿತು, ತುರಿಯುವುದನ್ನು ಅರ್ಧ ವಹಿಸಿಕೊಂಡಿತು, ಹಿಂಡುವುದನ್ನು ಮುಟ್ಟಲಿಲ್ಲ. ಆದದ್ದರಿಂದ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿಯೇ ಎರಡು ಮಾತು ಕೇಳಿಕೊಳ್ಳಿ. ಈ ಮೂರರಲ್ಲಿ ನಮ್ಮವರಿಗೆ ಕಷ್ಟವಾಗಿರುವುದು ಯಾವುದು? ಆ ಕೆಲಸ ಯಾರ ಕೈಗೆ ಬಿದ್ದಿದೆ? ಆ ಕೆಲಸಕ್ಕೆ, ಆ ಕೈಗೆ ಒಪ್ಪುವ ಸಲಕರಣೆಯನ್ನು ತನ್ನಿ.

ತುರಿಯುವುದು ಕಷ್ಟವಾಗಿದ್ದರೆ, ನೆಲದ ಮೇಲೆ ಕೂರಲು ಆಗುವವರಿಗೆ ಇಂದಿಗೂ ಮಣೆಯೇ ಉತ್ತಮ. ಹಲ್ಲು ಸಣ್ಣದಾಗಿ ಒತ್ತಾಗಿರಲಿ. ತುರಿ ನಯವಾದಷ್ಟೂ ಹಾಲು ಹೆಚ್ಚು. ಮಣೆಯ ಮೇಲೆ ಒಮ್ಮೆ ಕುಳಿತು ನೋಡಿ, ಅಲುಗಬಾರದು. ಕೂರಲಾಗದವರಿಗೆ ಕೈಹಿಡಿ ತಿರುಗಿಸುವ ಯಂತ್ರವಿದೆ. ಅದರಲ್ಲಿ ಎರಡು ಬಗೆ. ಮೇಜಿನ ಅಂಚಿಗೆ ತಿರುಪಿನಿಂದ ಬಿಗಿಯುವುದು ಒಂದು, ಅಡಿಯಲ್ಲಿ ರಬ್ಬರಿನ ಬಟ್ಟಲಿದ್ದು ಕಟ್ಟೆಗೆ ಕಚ್ಚಿಕೊಳ್ಳುವುದು ಇನ್ನೊಂದು. ನಿಮ್ಮ ಕಟ್ಟೆ ನಯವಾದ ಕಲ್ಲಿನದಾದರೆ ಮಾತ್ರ ಎರಡನೆಯದು ನಿಲ್ಲುತ್ತದೆ, ಗಾರೆಯ ಕಟ್ಟೆಯಾದರೆ ಮೊದಲನೆಯದೇ ಸರಿ. ಒಂದು ಕೈ ಹಿಡಿಯನ್ನು ತಿರುಗಿಸುತ್ತಿರುವಾಗ ಇನ್ನೊಂದು ಕೈ ಹೋಳನ್ನು ಒತ್ತಿಹಿಡಿಯಬೇಕು. ಮಣಿಕಟ್ಟಿನ ನೋವಿರುವವರಿಗೆ ಇದೂ ಸುಲಭವಲ್ಲ. ವಿದ್ಯುತ್ತಿನಿಂದ ತಿರುಗುವ ಹಲ್ಲೂ ಈಗ ಸಿಗುತ್ತದೆ. ಹತ್ತಿಪ್ಪತ್ತು ಕಾಯಿ ತುರಿಯುವ ಮನೆಗೆ ಅದು ಲೇಸು, ಮಕ್ಕಳು ಓಡಾಡುವ ಮನೆಯಲ್ಲಿ ಎಚ್ಚರ ಬೇಕು. ಯಾವುದಾದರೂ ಸರಿಯೇ, ಚಿಪ್ಪಿನ ಹತ್ತಿರದ ಕಂದುಪದರ ಬರುವ ಮುಂಚೆ ಕೈ ನಿಲ್ಲಿಸಿದರೆ ಹಾಲು ಬೆಳ್ಳಗಿರುತ್ತದೆ.

ತುರಿಯದೆಯೇ ಹಾಲು ತೆಗೆಯಬೇಕೆನ್ನುವವರು ಹೋಳನ್ನು ಚಿಪ್ಪಿನಿಂದ ಎಬ್ಬಿಸಿ, ಕಂದು ಸಿಪ್ಪೆ ಹೆರೆದು, ಸಣ್ಣ ತುಂಡು ಮಾಡಿ ಮಿಕ್ಸಿಗೆ ಹಾಕಬಹುದು. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಮೊದಲು ನೀರಿಲ್ಲದೆ ತಡೆದು ತಡೆದು ತಿರುಗಿಸಿ, ಆಮೇಲೆ ಬೆಚ್ಚಗಿನ ನೀರು ಹಾಕಿ. ಬೆಚ್ಚಗಿನ ನೀರೇ ಏಕೆಂದರೆ, ತೆಂಗಿನ ಕೊಬ್ಬು ಸುಮಾರು ೨೪ ಡಿಗ್ರಿ ಸೆಂಟಿಗ್ರೇಡಿನ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಗ್ಗೆ ತಣ್ಣೀರು ಹಾಕಿದರೆ ಕೊಬ್ಬು ಚರಟದಲ್ಲಿಯೇ ಉಳಿದುಹೋದೀತು. ಕುದಿಯುವ ನೀರೂ ಬೇಡ, ಮುಚ್ಚಿದ ಪಾತ್ರೆಯಲ್ಲಿ ಆವಿ ತುಂಬಿ ಮುಚ್ಚಳವನ್ನು ಎತ್ತಿಬಿಡುತ್ತದೆ. ಕೈಗೆ ಹಿತವಾಗುವಷ್ಟು ಬಿಸಿ ಸಾಕು. ಗ್ರೈಂಡರನ್ನು ಒಂದೆರಡು ಕಾಯಿಗಾಗಿ ಕೊಳ್ಳಬೇಕಾಗಿಲ್ಲ. ಮನೆಯಲ್ಲಿ ಮೊದಲೇ ಇದ್ದು, ಮದುವೆ ಮುಂಜಿಗಳಿಗೆ ಹೆಚ್ಚು ಹಾಲು ಬೇಕಾದಾಗ ಅದನ್ನು ಮೀರಿದ್ದಿಲ್ಲ.

ಹಿಂಡುವ ಬಟ್ಟೆಯ ವಿಷಯದಲ್ಲಿ ಉದಾಸೀನ ಬೇಡ. ಹಳೆಯ, ಬಣ್ಣವಿಲ್ಲದ, ತೆಳುವಾದ ಹತ್ತಿಯ ಪಂಚೆಯ ತುಂಡು ಎಲ್ಲಕ್ಕಿಂತ ಒಳ್ಳೆಯದು. ಹೊಸ ಬಟ್ಟೆಯಾದರೆ ಗಂಜಿ ಹೋಗುವಂತೆ ಒಗೆದಿರಬೇಕು. ಬಳಸಿದ ಮೇಲೆ ಬಿಸಿನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕಿ, ಇಲ್ಲವಾದರೆ ಕೊಬ್ಬು ಉಳಿದು ಮುಗ್ಗಲು ವಾಸನೆ ಹಿಡಿಯುತ್ತದೆ. ಬರಿಯ ಜರಡಿಯಲ್ಲಿ ಸೋಸಿದರೆ ಹಾಲಿನಲ್ಲಿ ಒಂದಷ್ಟು ಪಾಲು ಚರಟದೊಡನೆ ಹೋಗುತ್ತದೆ. ಮಣಿಕಟ್ಟು ಸೋತವರಿಗೆ ನಮ್ಮ ಮನೆಯಲ್ಲಿ ಕಂಡುಕೊಂಡ ಉಪಾಯವೊಂದನ್ನು ಹೇಳುತ್ತೇನೆ. ತಿರುಪಿನ ಚಕ್ಕುಲಿ ಒರಳಿಗೆ ಸಣ್ಣ ರಂಧ್ರದ ಬಿಲ್ಲೆ ಹಾಕಿ, ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿದ ತುರಿಯನ್ನು ಅದರೊಳಗಿಟ್ಟು ಮೆಲ್ಲಗೆ ತಿರುಗಿಸಿದರೆ, ಬೆರಳು ನೋಯದೆ ಹಾಲು ಇಳಿಯುತ್ತದೆ.

ಡಬ್ಬಿಯಲ್ಲಿಯೂ ಪೊಟ್ಟಣದಲ್ಲಿಯೂ ಬರುವ ಕಾಯಿಹಾಲಿರುವಾಗ ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ. ಅವಸರಕ್ಕೆ ಅದೂ ಆಗಲಿ. ಆದರೆ ಅಂತರರಾಷ್ಟ್ರೀಯ ಆಹಾರ ನಿಯಮದ ಪ್ರಕಾರ ಕಾಯಿಹಾಲೆಂದು ಕರೆಯಿಸಿಕೊಳ್ಳಲು ನೂರಕ್ಕೆ ೧೦ ಪಾಲು ಕೊಬ್ಬಿದ್ದರೆ ಸಾಕು. ಮನೆಯಲ್ಲಿ ನೀರು ಹಾಕದೆ ಹಿಂಡಿದ ಗಟ್ಟಿಹಾಲಿನಲ್ಲಿ ಅದರ ಎರಡರಷ್ಟು ಕೊಬ್ಬು ಇರಬಹುದು. ಆಗತಾನೆ ಹಿಂಡಿದ ಹಾಲಿನ ಪರಿಮಳವನ್ನು ನಾನು ಹೇಳಬೇಕಾಗಿಲ್ಲ. ಅದು ಬೇಗ ಹುಳಿಯುತ್ತದೆಂಬುದನ್ನು ಮಾತ್ರ ನೆನಪಿಡಿ, ಬೆಳಗ್ಗೆ ತೆಗೆದದ್ದನ್ನು ಬೆಳಗ್ಗೆಯೇ ಬಳಸಿ.

ಇನ್ನು ನಮ್ಮ ಮನೆಯಲ್ಲಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಎರಡನೆಯ ಸಲ ಅಂಗಡಿಗೆ ಹೋದಾಗ ನಾನು ತುರಿಯುವ ಯಂತ್ರವನ್ನು ಕೊಳ್ಳಲಿಲ್ಲ. ಒಂದು ಒಳ್ಳೆಯ ಚಕ್ಕುಲಿ ಒರಳನ್ನು ತಂದೆ. ಮಿಕ್ಸಿ ಮನೆಯಲ್ಲಿ ಇತ್ತು. ತುರಿಯುವವರು ಯಾರೆಂಬ ಪ್ರಶ್ನೆಗೆ ಇದ್ದದ್ದು ಒಂದೇ ಉತ್ತರ. ನನ್ನ ಮಂಡಿ ಇನ್ನೂ ಮಡಿಸುತ್ತದೆ, ಮಣಿಕಟ್ಟು ಇನ್ನೂ ತಿರುಗುತ್ತದೆ. ಐವತ್ತು ದಾಟುವವರೆಗೆ ತುರಿ ಎಂಬ ಧಾತುವಿನ ಅರ್ಥವನ್ನು ಮಕ್ಕಳಿಗೆ ಹೇಳಿಕೊಟ್ಟೆನೇ ಹೊರತು ಒಂದು ಹೋಳನ್ನೂ ತುರಿದವನಲ್ಲ. ಮೊದಲ ದಿನ ಹೆಬ್ಬೆರಳು ಗೀರಿಕೊಂಡೆ, ತುರಿಯಲ್ಲಿ ಚಿಪ್ಪಿನ ಚೂರು ಬಂತು. ತಾಯಿ ಪಕ್ಕದ ಕುರ್ಚಿಯಲ್ಲಿ ಕುಳಿತು, "ಕಾಯಿ ತಿರುಗಬೇಕು ಮಗಾ, ಕೈ ಅಲ್ಲ. ಅಂಚಿನಿಂದ ಶುರು ಮಾಡು" ಎಂದು ಹೇಳಿಕೊಟ್ಟರು. ಇಬ್ನ್ ಬತೂತನಿಗೆ ಹೊರಗಿನಿಂದ ಕಂಡದ್ದರ ಒಳಗುಟ್ಟು ಈ ಎರಡು ಮಾತಿನಲ್ಲಿತ್ತು.

ಈಗ ಹಬ್ಬದ ದಿನ ನಮ್ಮ ಮನೆಯ ಕಾಯಿಯನ್ನು ತುರಿಯುವವನು ನಾನೇ. ಮೂರು ಕಾಯಿ ಮುಗಿಯುವ ಹೊತ್ತಿಗೆ ಸೊಂಟ ಹಿಡಿಯುತ್ತದೆ. ಅರವತ್ತು ವರ್ಷ ಇದನ್ನು ಮಾಡಿದವರು ಒಂದು ದಿನವೂ ನೋವೆಂದು ಹೇಳಲಿಲ್ಲವಲ್ಲ ಎಂದು ಆಗೆಲ್ಲ ನೆನಪಾಗುತ್ತದೆ. ವಾಚಕರೇ, ನಿಮ್ಮ ಮನೆಗೂ ಸಲಕರಣೆ ತರುವ ಸಂದರ್ಭ ಬಂದಾಗ ಹಲ್ಲು, ಮೋಟಾರು, ಬೆಲೆಗಳನ್ನು ವಿಚಾರಿಸಿ. ಆದರೆ ಅಂಗಡಿಯವನು ನನ್ನನ್ನು ಕೇಳಿದ ಎರಡನೆಯ ಪ್ರಶ್ನೆಗೆ ಮನೆಯಲ್ಲಿಯೇ ಉತ್ತರ ಕಂಡುಕೊಂಡು ಹೊರಡಿ.